ವಿಮಾನ ವಾಪಸ್ ಬಂತು ಅಂತ ಪೈಲಟ್‌ಗೆ ಬೈಯಬೇಡಿ

ಎಂಜಿನ್‌ನಲ್ಲಿ ಏನೋ ಸೂಚನೆ ಬಂತು ಅಂತ ವಿಮಾನ ಅರ್ಧ ದಾರಿಯಿಂದ ವಾಪಸ್ ಬಂದರೆ ಸಾಕು, ನಮ್ಮ ಕಲಬುರಗಿಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಬೈಗುಳ ಶುರು. "ಒಂದು ಲೈಟ್ ಹತ್ತಿದ್ದಕ್ಕ ಇಷ್ಟ್ ಹೆದರ್ತಾರೇನ್ರಿ?" ಅಂತ ಒಬ್ಬರು. "ಡಬ್ಬಾ ವಿಮಾನ ನಮ್ಮ ಕಡೆ ಕಳಸ್ತಾರ" ಅಂತ ಇನ್ನೊಬ್ಬರು. ಸಿಟ್ಟು ಯಾಕೆ ಅಂತ ನನಗೂ ಗೊತ್ತು. 2019ರ ನವೆಂಬರ್‌ನಲ್ಲಿ ನಮ್ಮ ವಿಮಾನ ನಿಲ್ದಾಣ ಶುರುವಾಯಿತು, ಆದರೆ ಇಲ್ಲಿಂದ ಹಾರುವ ವಿಮಾನಗಳು ಮೊದಲಿನಿಂದಲೂ ಕಡಿಮೆ. ಒಂದು ತಪ್ಪಿದರೆ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಸೀಟು ಸಿಗುತ್ತಾ ಅಂತ ಪರದಾಡಬೇಕು. ಆದರೂ ಪೈಲಟ್‌ಗೆ ಬೈಯುವುದು ತಪ್ಪು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಎರಡು ಎಂಜಿನ್‌ನ ಪ್ರಯಾಣಿಕ ವಿಮಾನ ಒಂದೇ ಎಂಜಿನ್‌ನಲ್ಲೂ ಹಾರಬಲ್ಲದು, ಇಳಿಯಬಲ್ಲದು. ಹಾಗಿದ್ದರೆ ಅಪಾಯ ಎಲ್ಲಿದೆ? ಎಷ್ಟೋ ಸಲ ಅಪಾಯ ಇರುವುದು ಅವಸರದಲ್ಲಿ. ಅದಕ್ಕೇ ಕಾಕ್‌ಪಿಟ್‌ನಲ್ಲಿ ಅಲಾರಂ ಆದಾಗ ಮೊದಲು ಒಬ್ಬರು ವಿಮಾನ ಹಾರಿಸುತ್ತಲೇ ಇರುತ್ತಾರೆ, ಅದೇ ಅವರ ಮುಖ್ಯ ಕೆಲಸ. ಇನ್ನೊಬ್ಬರು ಪರದೆ ನೋಡಿ ಏನಾಗಿದೆ ಅಂತ ಓದುತ್ತಾರೆ. ಆಯಿಲ್ ಒತ್ತಡ ಇಳಿದಿದೆಯಾ, ನಡುಕ ಜಾಸ್ತಿ ಇದೆಯಾ, ಬೆಂಕಿಯಾ? ಎಂಜಿನ್ ನಿಲ್ಲಿಸಲೇಬೇಕು ಅಂದರೆ ಒಬ್ಬರು ಆ ಎಂಜಿನ್‌ನ ಲಿವರ್ (ಹಿಡಿ) ಮೇಲೆ ಕೈ ಇಟ್ಟು "ಇದೇ ತಾನೆ?" ಅಂತ ಕೇಳಬೇಕು. ಇನ್ನೊಬ್ಬರು ಕಣ್ಣಾರೆ ನೋಡಿ "ಹೌದು" ಅಂದ ಮೇಲೆಯೇ ಎಳೆಯಬೇಕು. ಎಷ್ಟೇ ಅನುಭವ ಇರಲಿ, ಈ ಕೆಲಸ ಒಬ್ಬರದ್ದೇ ಅಲ್ಲ.

ಇಷ್ಟೊಂದು ಜಾಗ್ರತೆ ಯಾಕೆ ಅಂತ ತಿಳಿಯಬೇಕಾದರೆ 1989ರ ಜನವರಿ 8ರಂದು ಇಂಗ್ಲೆಂಡಿನ ಕೆಗ್‌ವರ್ತ್ ಹತ್ತಿರ ಆದದ್ದನ್ನು ನೋಡಬೇಕು. ಲಂಡನ್‌ನಿಂದ ಬೆಲ್‌ಫಾಸ್ಟ್‌ಗೆ ಹೊರಟಿದ್ದ ಬೋಯಿಂಗ್ 737. ಎಡಗಡೆ ಎಂಜಿನ್‌ನ ಫ್ಯಾನ್ ಬ್ಲೇಡ್ ಮುರಿಯಿತು. ನಡುಕ, ಹೊಗೆ. ಪೈಲಟ್‌ಗಳು ನಿಲ್ಲಿಸಿದ್ದು ಬಲಗಡೆಯದನ್ನು, ಅಂದರೆ ಚೆನ್ನಾಗಿದ್ದ ಎಂಜಿನ್ನನ್ನು. ಕಾಕತಾಳೀಯವಾಗಿ ಅದೇ ಹೊತ್ತಿಗೆ ನಡುಕ ಕಡಿಮೆಯಾಯಿತು, ಸರಿಯಾದದ್ದನ್ನೇ ನಿಲ್ಲಿಸಿದೆವು ಅಂತ ಅವರಿಗೆ ಅನಿಸಿತು. ಮತ್ತೆ ಒಂದು ಸಲ ಮೊದಲಿನಿಂದ ನೋಡೋಣ ಅಂತ ಕ್ಯಾಪ್ಟನ್ ಹೊರಟಾಗ ರೇಡಿಯೋದಲ್ಲಿ ಕರೆ ಬಂತು, ಆ ಮಾತು ಅಲ್ಲಿಗೇ ನಿಂತಿತು. ಕೊನೆಯಲ್ಲಿ, ರನ್‌ವೇ ಇನ್ನೇನು ಬಂತು ಅನ್ನುವಾಗ ಎಡ ಎಂಜಿನ್ ಕೈಕೊಟ್ಟಿತು. 126 ಜನರಲ್ಲಿ 47 ಮಂದಿ ಸತ್ತರು.

ನನಗೆ ಹೊಟ್ಟೆಯಲ್ಲಿ ಸಂಕಟ ಆಗುವುದು ಇನ್ನೊಂದು ಸಂಗತಿಗೆ. ಬಲ ಎಂಜಿನ್‌ನಲ್ಲಿ ತೊಂದರೆ ಅಂತ ಕ್ಯಾಪ್ಟನ್ ಮೈಕ್‌ನಲ್ಲಿ ಹೇಳಿದರು. ಎಡಗಡೆ ಕಿಡಿ ಹಾರುವುದನ್ನು ಹಿಂದೆ ಕೂತಿದ್ದ ಎಷ್ಟೋ ಜನ ಕಂಡಿದ್ದರು, ಕ್ಯಾಬಿನ್ ಸಿಬ್ಬಂದಿಯೂ ಕಂಡಿದ್ದರು. ಆ ಮಾತು ಕಾಕ್‌ಪಿಟ್‌ನ ಬಾಗಿಲು ದಾಟಲೇ ಇಲ್ಲ. ದೊಡ್ಡವರು ಹೇಳಿದ್ದಾರೆ, ಅವರಿಗೆ ಗೊತ್ತಿರುತ್ತೆ ಅಲ್ವಾ ಅಂತ ಸುಮ್ನೆ ಇದ್ದರು ಅನಿಸುತ್ತದೆ.

ಇದು ನಮಗೆ ದೂರದ ಕಥೆಯಲ್ಲ. ಸೇಡಂ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯ ಕಂಟ್ರೋಲ್ ರೂಮ್‌ನಲ್ಲಿ ನಾನು ಕೆಲಸ ಮಾಡುತ್ತಿದ್ದೆ. ಒಂದು ರಾತ್ರಿ ದೊಡ್ಡ ಫ್ಯಾನ್‌ನ ಬೇರಿಂಗ್ ಬಿಸಿ ಏರುತ್ತಿತ್ತು. ಹೊಸದಾಗಿ ಸೇರಿದ್ದ ಹುಡುಗ, "ಸಾಹೇಬ್ರ, ಎರಡೂ ಸೆನ್ಸಾರ್ ಹಂಗೇ ತೋರ್ಸಲತ್ತಾವ್ರಿ" ಅಂದ. "ನಿಂಗೇನ್ ಗೊತ್ತದ, ಸೆನ್ಸಾರ್ ಕೆಟ್ಟದ, ಸುಮ್ನ ಕೂಡು" ಅಂತ ಉತ್ತರ ಬಂತು. ಅಲಾರಂ ಸದ್ದು ಒಂದು ಬಟನ್‌ನಲ್ಲಿ ನಿಂತಿತು. ಬೆಳಗಾಗುವುದರೊಳಗೆ ಬೇರಿಂಗ್ ಹೋಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಆ ಹುಡುಗ ಮಾತ್ರ ಆಮೇಲೆ ಯಾವ ಶಿಫ್ಟ್‌ನಲ್ಲೂ ಬಾಯಿ ಬಿಡಲಿಲ್ಲ. ಬೇರಿಂಗ್‌ಗಿಂತ ಅದೇ ದೊಡ್ಡ ನಷ್ಟ ಅಂತ ನಾನು ಈಗಲೂ ಹೇಳುತ್ತೇನೆ.

ವಿಮಾನದವರು ಈ ಪಾಠವನ್ನು ರಕ್ತ ಕೊಟ್ಟು ಕಲಿತರು. ಕಿರಿಯರು ಧೈರ್ಯವಾಗಿ ಹೇಳುವುದು, ಹಿರಿಯರು ನಿಂತು ಕೇಳುವುದು ಎರಡಕ್ಕೂ ಈಗ ತರಬೇತಿ ಕೊಡುತ್ತಾರೆ. 2010ರ ನವೆಂಬರ್ 4ರಂದು ಸಿಂಗಾಪುರದಿಂದ ಹೊರಟ ಆಸ್ಟ್ರೇಲಿಯಾದ ಕ್ವಾಂಟಾಸ್ ಕಂಪನಿಯ ಎ380 ವಿಮಾನದ ಒಂದು ಎಂಜಿನ್ ಸಿಡಿದು ರೆಕ್ಕೆಯನ್ನೇ ಸೀಳಿತು. ಪರದೆ ತುಂಬ ಎಚ್ಚರಿಕೆಗಳು. ಕಾಕ್‌ಪಿಟ್‌ನಲ್ಲಿದ್ದ ಐದು ಜನ ಆಕಾಶದಲ್ಲೇ ಸುತ್ತುತ್ತಾ, ಒಂದೊಂದನ್ನೇ ಓದಿ, ಮಾತಾಡಿಕೊಂಡು, ಲೆಕ್ಕ ಹಾಕಿ ಇಳಿಸಿದರು. ಒಳಗಿದ್ದ 469 ಜನರೂ ಬದುಕಿದರು.

ಹಾಗಂತ ಪ್ರಯಾಣಿಕರು ಬಾಯಿ ಮುಚ್ಚಿಕೊಂಡಿರಬೇಕು ಅಂತಲ್ಲ. ವಾಪಸ್ ಇಳಿಸಿ ಏನಾಯಿತು ಅಂತ ಹೇಳದೆ ಮುದುಕರನ್ನು, ಮಕ್ಕಳನ್ನು ಗಂಟೆಗಟ್ಟಲೆ ಕೂರಿಸಿದರೆ ಜಗಳ ಮಾಡಿ. ನೀರು ಕೇಳಿ, ಊಟ ಕೇಳಿ, ಬೇರೆ ವ್ಯವಸ್ಥೆ ಕೇಳಿ. ಅದು ಕಂಪನಿಯ ಜವಾಬ್ದಾರಿ. ಆದರೆ ವಾಪಸ್ ತಿರುಗಿಸಿದ ಇಬ್ಬರನ್ನು ಹೇಡಿಗಳು ಅಂತ ಕರೆದು ವಿಡಿಯೋ ಹಾಕಬೇಡಿ. ನಾಳೆ ಇನ್ನೊಬ್ಬ ಪೈಲಟ್ ಅಂಥದ್ದೇ ಲೈಟ್ ನೋಡುವಾಗ ಈ ಬೈಗುಳ ನೆನಪಾಗಿ ಒಂದು ಗಳಿಗೆ ತಡೆದರೆ ಏನು ಗತಿ?

ಇನ್ನೊಂದು ಮಾತು. ರೆಕ್ಕೆಯ ಪಕ್ಕದ ಸೀಟಿನಲ್ಲಿ ಕೂತಾಗ ಕಿಡಿಯೋ ಹೊಗೆಯೋ ಸೋರುವುದೋ ಕಂಡರೆ ತಕ್ಷಣ ತಲೆ ಮೇಲಿರುವ, ಸಿಬ್ಬಂದಿಯನ್ನು ಕರೆಯುವ ಬಟನ್ ಒತ್ತಿ. ಎಡಗಡೆಯೋ ಬಲಗಡೆಯೋ ಅಂತ ಸ್ಪಷ್ಟವಾಗಿ ಹೇಳಿ. ಅವರಿಗೆ ಗೊತ್ತಿರುತ್ತೆ ಬಿಡಿ ಅಂತ ಪಕ್ಕದವರು ಅಂದರೂ ಹೇಳಿ.