ಕಪ್ಪೆಯ ಇನ್ನೊಂದು ಮುಖ

ಹಳೆಯ ರೈಲುಗಳ ಬಗ್ಗೆ ನನಗಿರುವ ಹುಚ್ಚನ್ನು ಬಲ್ಲ ಗೆಳೆಯರೊಬ್ಬರು ಮೊನ್ನೆ ವಾಟ್ಸಾಪಿನಲ್ಲಿ ಒಂದು ಚಿತ್ರ ಕಳುಹಿಸಿ, ‘ಎಷ್ಟು ಮುದ್ದಾಗಿದೆ ನೋಡಿ’ ಎಂದು ಬರೆದಿದ್ದರು. ಜಪಾನಿನ ಕುಮಾಮೊಟೊ ವಿದ್ಯುತ್ ರೈಲ್ವೆಯಲ್ಲಿ 2016ರ ಫೆಬ್ರುವರಿ 14ರಂದು ನಿವೃತ್ತವಾದ 5000 ಮಾದರಿಯ, ‘ಹಸಿರು ಕಪ್ಪೆ’ ಎಂಬ ಅಡ್ಡಹೆಸರಿನ ರೈಲು ಬೋಗಿಯ ಚಿತ್ರವದು. ಮುದ್ದಾಗಿಲ್ಲವೆಂದು ನಾನು ಹೇಳಲಾರೆ. ಆದರೆ ಯಾರು ಕಳುಹಿಸಿದರೂ, ಎಲ್ಲಿ ನೋಡಿದರೂ, ಚಿತ್ರ ತೆಗೆದಿರುವುದು ಮಾತ್ರ ಅದರ ಒಂದೇ ತುದಿಯಿಂದ ಎಂಬುದು ನನಗೆ ತಡೆಯಲಾರದ ಕಿರಿಕಿರಿ.

ಏಕೆಂದರೆ ಆ ಬೋಗಿಗೆ ಎರಡು ಮುಖಗಳಿದ್ದವು. ಟೋಕಿಯೊದ ಟೋಕ್ಯು ಕಂಪನಿ 1954ರಿಂದ ಓಡಿಸಿದ ಈ ಬೋಗಿಗಳು ಉದ್ದನೆಯ ರೈಲುಗಳ ಭಾಗವಾಗಿದ್ದುದರಿಂದ, ರೈಲಿನ ತುದಿಗೆ ಬರುವ ಕಡೆ ಮಾತ್ರ ದುಂಡನೆಯ ಮುಖ, ಎರಡು ದೊಡ್ಡ ಗಾಜಿನ ಕಣ್ಣು ಇದ್ದವು. ಮುಂದಿನ ಬೋಗಿಗೆ ಅಂಟಿಕೊಳ್ಳುವ ಕಡೆ ಬರಿಯ ಸಪಾಟು ಗೋಡೆ. 1980ರ ದಶಕದಲ್ಲಿ ಕುಮಾಮೊಟೊಗೆ ಬಂದಾಗ ಅಲ್ಲಿನ ಪ್ರಯಾಣಿಕರಿಗೆ ಒಂದು ಬೋಗಿಯೇ ಸಾಕಾಗಿತ್ತು. ಹಾಗಾಗಿ ಆ ಗೋಡೆಯ ಕಡೆಯೂ ಚಾಲಕನ ಕೋಣೆಯೊಂದನ್ನು ಕೂರಿಸಿ, ಕಾಮಿ-ಕುಮಾಮೊಟೊದಿಂದ ಕೀಟಾ-ಕುಮಾಮೊಟೊವರೆಗಿನ 3.4 ಕಿಲೋಮೀಟರಿನಲ್ಲಿ ಹೋಗಿ ಬರಲು ಬಿಟ್ಟರು. ಹೋಗುವಾಗ ಕಪ್ಪೆ, ಬರುವಾಗ ಬೀರು. ಆ ಬೀರುವಿನ ಮುಖದಲ್ಲಿ ಅಂದ ಚಂದದ ಯಾವ ಯೋಚನೆಯೂ ಇಲ್ಲ, ದುಡ್ಡಿನ ಯೋಚನೆಯೊಂದೇ ಇದೆ. ನನಗೆ ಅದೇ ಇಷ್ಟ. ಏಕೆ ಇಷ್ಟವೆಂದು ಈಗ ವಿವರಿಸಬೇಕು.

ಅದಕ್ಕೆ ಮೊದಲು ಟೋಕಿಯೊದ ಶಿಬುಯಾದ ನಾಯಿಯ ಸಂಗತಿಯನ್ನು ಹೇಳದೆ ನಿರ್ವಾಹವಿಲ್ಲ. ತೀರಿಹೋದ ಯಜಮಾನನಿಗಾಗಿ ಶಿಬುಯಾ ನಿಲ್ದಾಣದಲ್ಲಿ ವರ್ಷಗಟ್ಟಲೆ ಕಾದ ಹಾಚಿಕೊ ಎಂಬ ನಾಯಿ 1935ರಲ್ಲಿ ಸತ್ತಿತು. ಆ ನಾಯಿಯ ಪ್ರತಿಮೆಯಿರುವ ಚೌಕದಲ್ಲಿ 2006ರಲ್ಲಿ ಇದೇ ಮಾದರಿಯ ಒಂದು ಬೋಗಿಯನ್ನು, ಉದ್ದವಾಯಿತೆಂದು ಕತ್ತರಿಸಿ, ಗಾಲಿಗಳನ್ನು ಕಳಚಿ, ತಂದು ಕೂರಿಸಿದರು. ಉಳಿಸಿಕೊಂಡ ತುದಿ ಯಾವುದೆಂದು ಬೇರೆ ಹೇಳಬೇಕಿಲ್ಲವಷ್ಟೆ. ರೈಲು ಹುಟ್ಟುವ ಹೊತ್ತಿಗೆ ನಾಯಿ ಸತ್ತು 19 ವರ್ಷಗಳಾಗಿದ್ದವು; ಅದು ಕಾದದ್ದು ಈ ರೈಲಿಗಲ್ಲ. ಆದರೂ ನೆರೆಹೊರೆಯ ನಂಟು ಹೇಗೆ ಬೆಳೆಯಿತೆಂದರೆ, 2020ರಲ್ಲಿ ಚೌಕದಿಂದ ಎತ್ತಿದ ಬೋಗಿಯನ್ನು ಉತ್ತರದ ಅಕಿಟಾ ಪ್ರಾಂತದ ಓಡಾಟೆಗೆ, ಅಂದರೆ ಹಾಚಿಕೊ ಹುಟ್ಟಿದೂರಿಗೆ, ಕಳುಹಿಸಿಬಿಟ್ಟರು. ಟೋಕ್ಯುವಿನ ಹಳಿಯೇ ಇಲ್ಲದ ಊರಿನಲ್ಲಿ, ಎಂದೂ ಕಾಣದ ನಾಯಿಯ ನೆಂಟನೆಂದು ಟೋಕಿಯೊದ ಲೋಕಲ್ ರೈಲಿನ ಅರ್ಧ ದೇಹ ಈಗ ಕುಳಿತಿದೆ. ನಾಗಾನೊ, ಉಯೆಡಾ, ಮಾಟ್ಸುಮೊಟೊಗಳ ಸಣ್ಣ ರೈಲ್ವೆಗಳಲ್ಲಿ ಎರಡನೆಯ ಬಾಳು ಬಾಳಿ ಸವೆದ ಇದರ ಸೋದರರನ್ನು ಯಾವ ನಾಯಿಯೂ ಕೈಹಿಡಿಯಲಿಲ್ಲ.

ಕೊನೆಯ ಓಟಕ್ಕೆ ಕ್ಯಾಮೆರಾ ಹಿಡಿದು ಬರುವ ಅಭಿಮಾನಿಗಳ ಮೇಲೆ ನನಗೆ ಸಿಟ್ಟಿದೆ ಎಂದರೆ ಸಣ್ಣತನವಾದೀತು, ಇರಲಿ, ಸಿಟ್ಟಿದೆ. ಇವರೆಲ್ಲ ಉಳಿದ ದಿನಗಳಲ್ಲಿ ಟಿಕೆಟ್ ಕೊಂಡು ಓಡಾಡಿದ್ದರೆ ಕಂಪನಿಗೆ ಇನ್ನೂ ಒಂದಿಷ್ಟು ಕಾಸು ಸಿಗುತ್ತಿತ್ತು.

ಕಪ್ಪೆಯ ಜಾಗಕ್ಕೆ ಟೋಕಿಯೊದ ಗಿಂಜಾ ಸುರಂಗ ಮಾರ್ಗದ 01 ಮಾದರಿ ಬಂದಿದೆ. ಅದು ಕೂಡ ಸೆಕೆಂಡ್ ಹ್ಯಾಂಡೇ. ಸುರಂಗದಲ್ಲಿ ಹಳಿಯ ಪಕ್ಕದಿಂದ ವಿದ್ಯುತ್ ಪಡೆಯುತ್ತಿದ್ದುದಕ್ಕೆ ಇಲ್ಲಿ ನೆತ್ತಿಯ ಮೇಲೆ ತಂತಿಯಿಂದ ವಿದ್ಯುತ್ ಎಳೆಯುವ ಪ್ಯಾಂಟೋಗ್ರಾಫ್ ಕೂರಿಸಿ, ಕಾರ್ಬನ್ ಫೈಬರ್ ಬಳಸಿದ ಹೊಸ ಗಾಲಿಚೌಕಟ್ಟು ಕೊಟ್ಟಿದ್ದಾರೆ. ಬಗ್ಗಿ ನೋಡಬೇಕಾದದ್ದು ಅಲ್ಲಿ. ಆದರೆ ಅದೇ ಕಂಪನಿಯ ಇನ್ನೊಂದು ರೈಲಿನ ಮೈತುಂಬ ಆ ಪ್ರಾಂತದ ಲಾಂಛನವಾದ ಕುಮಾಮೋನ್ ಕರಡಿಯ ಚಿತ್ರ ಬರೆಸಿದ್ದಾರೆ, ಬಗ್ಗುವವರು ಯಾರು?