ಹತ್ತು ಸಾಲಿನ ಜಾತಕ

ಲಂಡನ್ನಿನ ವೆಸ್ಟ್ ಎಂಡ್‌ನಲ್ಲಿ ನಾಟಕ ನೋಡಬೇಕಾದರೆ ಟಿಕೆಟ್ಟಿಗೊಮ್ಮೆ, ಪ್ರೋಗ್ರಾಂ ಪುಸ್ತಕಕ್ಕೊಮ್ಮೆ ಕಿಸೆಗೆ ಕೈಹಾಕಬೇಕು. ನ್ಯೂಯಾರ್ಕಿನಲ್ಲಾದರೆ ಅದು ಪುಕ್ಕಟೆ. ದುಡ್ಡು ಕೊಟ್ಟದ್ದನ್ನು ಓದದೆ ಬಿಡಲಾದೀತೆ? ಇಂಟರ್‌ವಲ್ಲಿನಲ್ಲಿ, ಮುಚ್ಚಳದೊಳಗೆ ಅಡಗಿಸಿಟ್ಟ ಪುಟ್ಟ ಚಮಚದಿಂದ ಐಸ್‌ಕ್ರೀಮು ಕೆರೆಯುತ್ತ ಜನ ನಟರ ಪರಿಚಯದ ಪುಟ ತೆರೆಯುತ್ತಾರೆ. ಒಂದು ಸಣ್ಣ ಮುಖ, ಕೆಳಗೆ ಹತ್ತು ಸಾಲು. ಸುಮ್ಮನೆ ಕಣ್ಣಾಡಿಸುವವರಿಗೆ ಅದು ನಾಟಕಗಳ ಪಟ್ಟಿ, ಬಲ್ಲವರಿಗೆ ಜಾತಕ.

ಮೇಲಿರುವ ಹೆಸರೇ ಮೊದಲ ಪೇಚು. ನಟರ ಸಂಘ ಇಕ್ವಿಟಿ ಹುಟ್ಟಿದ್ದು 1930ರಲ್ಲಿ. ಇಬ್ಬರು ಸದಸ್ಯರಿಗೆ ಒಂದೇ ಹೆಸರು ಇರುವಂತಿಲ್ಲ ಎಂಬುದು ಅಲ್ಲಿನ ಕಟ್ಟಳೆ. ಆಗಲೇ ಒಬ್ಬ ಡೇವಿಡ್ ಮ್ಯಾಕ್‌ಡೊನಾಲ್ಡ್ ಇದ್ದದ್ದರಿಂದ ಇನ್ನೊಬ್ಬ ಹುಡುಗ ಪೆಟ್ ಶಾಪ್ ಬಾಯ್ಸ್ ತಂಡದ ಗಾಯಕನ ಮನೆಹೆಸರು ಎತ್ತಿಕೊಂಡು ಡೇವಿಡ್ ಟೆನಂಟ್ ಆದ. ಸಾರಾ ಕೋಲ್ಮನ್ ಎಂಬವರು ಒಲಿವಿಯಾ ಆದದ್ದೂ ಇದೇ ಕಾರಣಕ್ಕೆ. ಕೃಷ್ಣ ಭಾಂಜಿ ಬೆನ್ ಕಿಂಗ್ಸ್ಲಿಯಾದ ಕಥೆ ಬೇರೆ: ವಿದೇಶಿ ಹೆಸರು ಅವಕಾಶಕ್ಕೆ ಅಡ್ಡಬಂದೀತೆಂದು ಅದನ್ನು ಕಳಚಿಟ್ಟರು, ಕೊನೆಗೆ 1982ರಲ್ಲಿ ಜಗತ್ತು ಅವರನ್ನು ಗುರುತಿಸಿದ್ದು ಗಾಂಧಿಯಾಗಿ!

ಆಮೇಲೆ ತರಬೇತಿ, ಅಂದರೆ ಕಲಿತ ನಾಟಕಶಾಲೆಯ ಹೆಸರು: ರಾಡಾ, ಲ್ಯಾಮ್ಡಾ, ಸೆಂಟ್ರಲ್, ಬ್ರಿಸ್ಟಲ್ ಓಲ್ಡ್ ವಿಕ್, ಹೀಗೆ ಒಂದೇ ಪದ. ಆ ಪದದ ಹಿಂದೆ ಎಷ್ಟು ಬೆವರು! 1904ರಲ್ಲಿ ಶುರುವಾದ ರಾಡಾ ತನ್ನ ಮೂರು ವರ್ಷದ ಅಭಿನಯ ಪದವಿಗೆ ತೆಗೆದುಕೊಳ್ಳುವುದು 28 ಜನರನ್ನು, ಅರ್ಜಿ ಬರುವುದು ಸಾವಿರಗಟ್ಟಲೆ. ಷೇಕ್ಸ್‌ಪಿಯರ್ ಅಥವಾ ಆ ಕಾಲದ್ದೊಂದು ಮಾತುಗುಚ್ಛ, ಇಂದಿನದೊಂದು, ತಲಾ ಎರಡು ನಿಮಿಷದೊಳಗೆ ಮುಗಿಸಬೇಕು. ಹಾಳಾಗುವ ಬಗೆಗಳೂ ಗೊತ್ತಿದ್ದವೇ. ಮೊದಲ ಸಾಲಿಗೇ ಅತ್ತುಬಿಟ್ಟರೆ ಎರಡನೆಯ ನಿಮಿಷಕ್ಕೆ ಏನೂ ಉಳಿದಿರುವುದಿಲ್ಲ. ಮಾತು ಯಾರಿಗೆ ಆಡುತ್ತಿದ್ದೇನೆಂದು ನಿರ್ಧರಿಸಿಕೊಳ್ಳದವರ ಕಣ್ಣು ಗೋಡೆಯ ಮೇಲೆಲ್ಲ ಅಲೆಯುತ್ತದೆ. ಆಯ್ಕೆಗಾರರನ್ನೇ ದಿಟ್ಟಿಸಿದರೆ ಪಾಪ, ಅವರು ಬರೆದುಕೊಳ್ಳುವುದಾದರೂ ಹೇಗೆ? ಹಾಗೆಂದು ಈ ಸಾಲು ಖಾಲಿಯಿದ್ದರೆ ಕುಂದೇನಿಲ್ಲ. ಇಯಾನ್ ಮೆಕೆಲನ್ ನಾಟಕಶಾಲೆಯ ಮುಖ ನೋಡದೆ, ಕೇಂಬ್ರಿಜ್‌ನ ವಿದ್ಯಾರ್ಥಿ ನಾಟಕಗಳಿಂದ ಸೀದಾ 1961ರಲ್ಲಿ ಕವೆಂಟ್ರಿಯ ಬೆಲ್‌ಗ್ರೇಡ್ ರಂಗಮಂದಿರಕ್ಕೆ ಬಂದವರು.

ನಾಟಕಗಳ ಸಾಲಿನಲ್ಲಿ ಹೆಸರಿನ ಪಕ್ಕ ರಂಗಮಂದಿರ ಇರುತ್ತದೆ, ಇಸವಿ ಇರುವುದಿಲ್ಲ. ಇಸವಿ ಹಾಕಿದರೆ ವಯಸ್ಸು ಲೆಕ್ಕ ಹಾಕಬಹುದಲ್ಲ! ಹಳಬರ ಪಟ್ಟಿಯಲ್ಲಿ ಸಣ್ಣ ಸಣ್ಣ ಊರುಗಳು ಸಾಲುಗಟ್ಟಿದ್ದರೆ ಅದು ರೆಪ್ ಕಾಲದ, ಅಂದರೆ ಊರೂರಿನ ರಂಗಮಂದಿರದ ಕಾಯಂ ತಂಡ ಒಂದರ ಹಿಂದೊಂದು ನಾಟಕ ಆಡುತ್ತಿದ್ದ ಕಾಲದ ಗುರುತು. ವಾರದ ರೆಪ್ ಎಂದರೆ ಸೋಮವಾರ ಸಂಜೆ ಹೊಸ ನಾಟಕ. ಮಂಗಳವಾರ ಬೆಳಗ್ಗೆಯೇ ಮುಂದಿನದರ ಮೊದಲ ಅಂಕದ ತಾಲೀಮು, ಬುಧವಾರ ಎರಡನೆಯದು, ಗುರುವಾರ ಮೂರನೆಯದು. ಸಂಜೆ ಈ ವಾರದ್ದು ಆಡಬೇಕು, ರಾತ್ರಿ ಬಾಡಿಗೆ ಕೋಣೆಯಲ್ಲಿ ಮುಂದಿನ ವಾರದ್ದು ಬಾಯಿಪಾಠ. ಹೋದ ವಾರದ ಮಾತು ಈ ವಾರದ ಪಾತ್ರದ ಬಾಯಲ್ಲಿ ಉದುರುವುದು ಮಾಮೂಲು. ಯೋಚಿಸಲು ಪುರುಸೊತ್ತಿಲ್ಲದೆ ನಟರು ಒಂದೇ ಕೆಮ್ಮು, ಒಂದೇ ಕುಂಟು ನಡಿಗೆಯನ್ನು ಹತ್ತು ಮುದುಕರಿಗೆ ಹಂಚುತ್ತಿದ್ದರು ಎಂಬ ದೂರು ಸುಳ್ಳಲ್ಲ. ಆದರೂ ನಾಲ್ಕು ಜನರ ಮುಂದೆ ಕೆಟ್ಟದಾಗಿ ನಟಿಸಿ ಸೋಮವಾರಕ್ಕೆ ಸುಧಾರಿಸಿಕೊಳ್ಳುವ ಅವಕಾಶ ಇಂದಿನವರಿಗಿಲ್ಲ.

ಅದಕ್ಕೆ ಅಷ್ಟಿಷ್ಟು ಬದಲಿಯಾಗಿದ್ದದ್ದು ಟೀವಿ. ಪೊಲೀಸ್ ಧಾರಾವಾಹಿ ‘ದಿ ಬಿಲ್’ನಲ್ಲಿ ಕಳ್ಳ, ‘ಕ್ಯಾಶುವಾಲ್ಟಿ’ಯಲ್ಲಿ ಕೈಮುರಿದ ರೋಗಿ. ಈ ಎರಡು ಸಾಲಿಲ್ಲದ ಬ್ರಿಟಿಷ್ ನಟರನ್ನು ಒಂದು ಕಾಲಕ್ಕೆ ಹುಡುಕಿ ತರಬೇಕಿತ್ತು. ಸಂಬಳಕ್ಕಿಂತ ಕಲಿಕೆ ದೊಡ್ಡದು. ಬಾಲ್ಕನಿಗೆ ತಲುಪಿಸುವ ದನಿ ಮೂರಡಿ ದೂರದ ಕ್ಯಾಮೆರಾಕ್ಕೆ ಕಿರುಚಾಟ. ನೆಲಕ್ಕೆ ಅಂಟಿಸಿದ ಟೇಪಿನ ಗುರುತಿನ ಮೇಲೆ, ಕೆಳಗೆ ನೋಡದೆಯೇ ನಿಲ್ಲಬೇಕು. ಟೀ ಕಪ್ಪನ್ನು ಯಾವ ಪದಕ್ಕೆ ಎತ್ತಿದರೋ ಪ್ರತಿ ಟೇಕ್‌ನಲ್ಲೂ ಅದೇ ಪದಕ್ಕೆ ಎತ್ತದಿದ್ದರೆ ಸಂಕಲನಕಾರನಿಗೆ ತಲೆನೋವು, ಆ ತಲೆನೋವಿಗೆ ಮದ್ದೆಂದರೆ ನಟನ ಕ್ಲೋಸಪ್ಪನ್ನೇ ಕತ್ತರಿಸುವುದು. ‘ದಿ ಬಿಲ್’ 2010ರಲ್ಲಿ ನಿಂತಿತು, ವೈದ್ಯರ ಧಾರಾವಾಹಿ ‘ಡಾಕ್ಟರ್ಸ್’ 2024ರಲ್ಲಿ. ಹೊಸಬರ ಪಾಲಿಗೆ ಎರಡೂ ಮುಚ್ಚಿದ ಶಾಲೆಗಳು.

ಈ ಹತ್ತು ಸಾಲಿನಲ್ಲಿ ಏಣಿ ಹುಡುಕಿದರೆ ಸಿಕ್ಕುವುದಿಲ್ಲ. ‘ಲಾರ್ಡ್ ಆಫ್ ದಿ ರಿಂಗ್ಸ್’ ಸಿನಿಮಾಗಳ ಮಾಂತ್ರಿಕ ಗ್ಯಾಂಡಾಲ್ಫ್ ಆಗಿ ಜಗತ್ತನ್ನೇ ಗೆದ್ದ ಮೇಲೆ ಮೆಕೆಲನ್ 2004ರ ಕ್ರಿಸ್‌ಮಸ್‌ಗೆ ಓಲ್ಡ್ ವಿಕ್‌ನಲ್ಲಿ ಲಂಗ ತೊಟ್ಟು, ಹಬ್ಬದ ಹಾಸ್ಯನಾಟಕವಾದ ಪ್ಯಾಂಟೊಮೈಮಿನ ವಿಧವೆ ಟ್ವಾಂಕಿಯಾದರು, ಮರುವರ್ಷ ‘ಕೊರೊನೇಶನ್ ಸ್ಟ್ರೀಟ್’ ಧಾರಾವಾಹಿಗೆ ಹೋದರು. ಇಳಿದುಬಿಟ್ಟರೆಂದು ಯಾರೂ ಮರುಗಲಿಲ್ಲ. ಗ್ರಾಫಿಕ್ ಡಿಸೈನ್ ಬಿಟ್ಟು 26ಕ್ಕೆ ರಾಡಾ ಸೇರಿದ ಆಲನ್ ರಿಕ್‌ಮನ್‌ಗೆ ಮೊದಲ ಸಿನಿಮಾ ‘ಡೈ ಹಾರ್ಡ್’ ದಕ್ಕುವ ಹೊತ್ತಿಗೆ ನಲವತ್ತು ದಾಟಿತ್ತು. ಪೆಗ್ಗಿ ಆಶ್‌ಕ್ರಾಫ್ಟ್ ಅವರದಂತೂ ನಮ್ಮೂರಿನ ಬಂಡೆಗಳಿಗೂ ಗೊತ್ತು. ಜೀವಮಾನವೆಲ್ಲ ರಂಗದ ಮೇಲೆ ಕಳೆದ ಆಕೆ ಡೇವಿಡ್ ಲೀನ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ಕ್ಕಾಗಿ ಬೆಂಗಳೂರಿಗೆ ಬಂದರು. ಸಾವನದುರ್ಗ, ರಾಮದೇವರಬೆಟ್ಟಗಳೇ ಅಲ್ಲಿ ಮರಬಾರ್ ಗುಹೆಗಳಾದವು. 1985ರಲ್ಲಿ ಆ ಪಾತ್ರಕ್ಕೆ ಆಸ್ಕರ್ ಬಂದಾಗ ಅವರಿಗೆ 77.

ಹತ್ತು ಸಾಲಿನಲ್ಲಿ ಬರದ ಸಂಗತಿಗಳೇ ಹೆಚ್ಚು. ಕೆಲಸವಿಲ್ಲದ ತಿಂಗಳುಗಳಿಗೆ ಬ್ರಿಟಿಷ್ ನಟರು ಹೇಳುವುದು ‘ರೆಸ್ಟಿಂಗ್’ ಎಂದು. ಆ ವಿಶ್ರಾಂತಿಯಲ್ಲಿ ಕಾಲ್‌ಸೆಂಟರ್, ಬಾರು, ಕಸಬರಿಕೆ ಎಲ್ಲ ಸೇರುತ್ತದೆ. ಒಲಿವಿಯಾ ಕೋಲ್ಮನ್ ಕೂಡ ಮನೆಗಳ ನೆಲ ಒರೆಸಿದವರೇ.

ಕಡೆಗೆ, ಕೆಲವರ ಹೆಸರಿನ ಮುಂದೆ ಚಿಕ್ಕದಾಗಿ ‘ಅಂಡರ್‌ಸ್ಟಡಿ’, ಅಂದರೆ ಬದಲಿ ನಟ, ಎಂದಿರುತ್ತದೆ. ಪರದೆ ಏಳುವ 35 ನಿಮಿಷ ಮುಂಚೆ ಸ್ಪೀಕರಿನಲ್ಲಿ ‘ಹಾಫ್’ ಎಂಬ ಕೂಗು, 20ಕ್ಕೆ ‘ಕ್ವಾರ್ಟರ್’, 10ಕ್ಕೆ ‘ಫೈವ್’, 5ಕ್ಕೆ ‘ಬಿಗಿನರ್ಸ್’. ಹೇಳುವ ಅಂಕಿಗಿಂತ ಐದು ನಿಮಿಷ ಹೆಚ್ಚೇ, ಏಕೆಂದರೆ ಲೆಕ್ಕ ನಡೆಯುವುದು ಮೊದಲ ದೃಶ್ಯದವರು ರಂಗಕ್ಕೆ ಇಳಿಯುವ ಹೊತ್ತಿಗೆ. ಹಾಫ್ ಹೊತ್ತಿಗೆ ಮುಖ್ಯ ನಟ ಬಾಗಿಲು ದಾಟದಿದ್ದರೆ ಬದಲಿ ನಟನ ಅಂಗಿಗೆ ಪಿನ್ನು ಚುಚ್ಚಲು ಶುರು. 1967ರಲ್ಲಿ ಲಾರೆನ್ಸ್ ಒಲಿವಿಯೆಗೆ ಅಪೆಂಡಿಸೈಟಿಸ್ ಆಗಿ ಆಸ್ಪತ್ರೆ ಸೇರಿದಾಗ ‘ದಿ ಡಾನ್ಸ್ ಆಫ್ ಡೆತ್’ನಲ್ಲಿ ಹಾಗೆ ಇಳಿದವರು ಆಂಥೊನಿ ಹಾಪ್ಕಿನ್ಸ್. ಇಂಥ ಸಂಜೆ ಪ್ರೋಗ್ರಾಂ ಪುಸ್ತಕದೊಳಗೆ ಬೆರಳಗಲದ ಚೀಟಿಯೊಂದನ್ನು ಸಿಕ್ಕಿಸುತ್ತಾರೆ: ಇಂದು ಈ ಪಾತ್ರ ಇಂಥವರು ಮಾಡುತ್ತಾರೆ ಎಂದು. ಜನ ಪುಸ್ತಕ ತೆರೆದಾಗ ಅದು ಸೀಟಿನಡಿಗೆ ಜಾರುತ್ತದೆ, ಬಗ್ಗಿ ಎತ್ತಿಕೊಳ್ಳುವವರು ಕಡಿಮೆ.