ಎಲ್ಲರೂ ‘ನೋಡ್ 1’ ಆದರೆ ಯಾರನ್ನ ಕರೆಯೋದು?

ಕೊಪ್ಪಳದ ಯಾವ ಶಾಲೆಯಲ್ಲಾದರೂ ‘ಹುಲಿಗೆಮ್ಮಾ’ ಅಂತ ಕೂಗಿ ನೋಡಿ, ಮೂರ್ನಾಲ್ಕು ಹುಡುಗಿಯರು ತಿರುಗಿ ನೋಡ್ತಾರೆ. ಡಿಎನ್‌ಎ ಫೈಲು ಓದುವ ಕೆಲವು ಸಾಫ್ಟ್‌ವೇರಿನಲ್ಲಿ ಹಾಗಲ್ಲ. ಒಬ್ಬಳು ಮಾತ್ರ ತಿರುಗ್ತಾಳೆ, ಉಳಿದವರು ಹಾಜರಿಯಿಂದಲೇ ಮಾಯ.

ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ತೋಟಗಳಿಂದ ದುಂಡಾಣು ಅಂಗಮಾರಿಯ ಹತ್ತು ಸ್ಯಾಂಪಲ್ ತಂದು ಸ್ಪೇಡ್ಸ್ ಅನ್ನೋ ಸಾಫ್ಟ್‌ವೇರಿನಲ್ಲಿ ಅವುಗಳ ಡಿಎನ್‌ಎ ಚೂರುಗಳನ್ನು ಜೋಡಿಸಿದಿರಿ ಅನ್ನಿ. ಹತ್ತೂ ಫೈಲಿನ ಮೊದಲ ಕಾಂಟಿಗ್ (ಚೂರು ಜೋಡಿಸಿ ಸಿಕ್ಕ ಉದ್ದ ತುಂಡು) ‘ನೋಡ್_1’ ಅಂತಲೇ ಶುರು, ಹಿಂದೆ ಉದ್ದ ಮತ್ತು ಕವರೇಜಿನ (ಸರಾಸರಿ ಎಷ್ಟು ಸಲ ಓದಲಾಗಿದೆ ಅನ್ನೋ ಅಂದಾಜಿನ) ಬಾಲ. ಹೆಸರು ಉದ್ದ ಆಯ್ತು ಅಂತ ಬಾಲ ಕತ್ತರಿಸಿ ಹತ್ತನ್ನೂ ಒಂದೇ ಫೈಲಿಗೆ ಸುರಿದರೆ, ಸ್ಯಾಮ್‌ಟೂಲ್ಸ್ ಅನ್ನೋ ಸಾಫ್ಟ್‌ವೇರ್ ಹೆಸರುಗಳ ಇಂಡೆಕ್ಸ್ ಮಾಡುವಾಗ ಒಂದೇ ಹೆಸರಿನವುಗಳಲ್ಲಿ ಮೊದಲನೆಯದನ್ನಷ್ಟೇ ಇಟ್ಟುಕೊಳ್ಳುತ್ತೆ. ಎಚ್ಚರಿಕೆ ಬರುತ್ತೆ, ಓದೋರು ಯಾರು? ಬಾಲ ಉಳಿಸಿಕೊಂಡರೂ ನಂಬೋ ಹಾಗಿಲ್ಲ. ಪಾಲಿಶ್ ಮಾಡಿದ (ಜೋಡಣೆಯ ತಪ್ಪು ತಿದ್ದಿದ) ಮೇಲೆ ಉದ್ದ ಬದಲಾಗುತ್ತೆ, ಹೆಸರಲ್ಲಿ ಹಳೇ ಅಂಕಿಯೇ ಕೂತಿರುತ್ತೆ.

ಇನ್ನೊಂದು ಗುಂಡಿ, ಖಾಲಿ ಜಾಗ. ಸೀಕ್ವೆನ್ಸ್ (ಡಿಎನ್‌ಎ ಅಕ್ಷರಗಳ ಸಾಲು) ಬರೆದಿಡುವ ಫಾಸ್ಟಾ ಫೈಲಿನಲ್ಲಿ > ಚಿಹ್ನೆಯಿಂದ ಮೊದಲ ಖಾಲಿ ಜಾಗದವರೆಗೆ ಐಡಿ, ಆಮೇಲಿನದೆಲ್ಲ ವಿವರಣೆ. ‘ಕುಷ್ಟಗಿ 1’, ‘ಕುಷ್ಟಗಿ 2’ ಎರಡೂ ಬರೀ ‘ಕುಷ್ಟಗಿ’.

ಹೊಲಕ್ಕೆ ಮನೆಯಲ್ಲಿ ‘ಹಳ್ಳದ ಹೊಲ’ ಅಂದರೂ ಪಹಣಿಯಲ್ಲಿ ಇರೋದು ಸರ್ವೆ ನಂಬರು. ಐಡಿಯೂ ಹಾಗೇ ಇರಲಿ: ‘ಕೆಪಿಎಲ್07_0001’. ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್, ಅಷ್ಟೇ. ಸೀಕ್ವೆನ್ಸ್ ಭಂಡಾರವಾದ ಜೆನ್‌ಬ್ಯಾಂಕಿನ ಹಳೆಯ ನಮೂನೆಯಲ್ಲಿ ಮೊದಲ ಸಾಲಿನ (ಲೋಕಸ್) ಹೆಸರಿಗೆ 16 ಅಕ್ಷರದ ಮಿತಿ, ಜೀನ್ ಗುರುತಿಸುವ ಪ್ರೊಕ್ಕಾ ಸಾಫ್ಟ್‌ವೇರಿಗೆ 37. ಹದಿನಾರರೊಳಗೆ ಮುಗಿಸಿದರೆ ಎರಡೂ ಕಡೆ ನಡೆಯುತ್ತೆ. ತೋಟ, ತಳಿ, ತಾರೀಕು ಬೇರೆ ಪಟ್ಟಿಯಲ್ಲಿ ಬರೆದಿಡಿ. ಎಕ್ಸೆಲ್‌ನಲ್ಲಾದರೆ ಆ ಕಾಲಮ್ಮನ್ನು ಮೊದಲು ಟೆಕ್ಸ್ಟ್ ಮಾಡಿ, ಇಲ್ಲದಿದ್ದರೆ ‘2ಇ07’ ಅನ್ನೋ ಸ್ಯಾಂಪಲ್ ಅನ್ನು 2×10⁷ ಅಂತ ಓದಿ ಎರಡು ಕೋಟಿ ಮಾಡಿಬಿಡುತ್ತೆ! ಫೈಲು ಸೇರಿಸಿದ ಮೇಲೆ > ಸಾಲುಗಳ ಐಡಿ ಭಾಗವನ್ನಷ್ಟೇ ತೆಗೆದು, ಸಾರ್ಟ್ ಮಾಡಿ, ಎರಡು ಸಲ ಬಂದದ್ದು ಹುಡುಕಿ. ಒಂದೂ ಸಿಗಬಾರದು.

ಐಡಿ ಎಷ್ಟೇ ಶಿಸ್ತಾಗಿದ್ದರೂ ಒಳಗಿನ ಸೀಕ್ವೆನ್ಸ್ ಬದಲಾಗಿದೆಯೋ ಇಲ್ಲವೋ ಅದು ಹೇಳಲ್ಲ. ಅದಕ್ಕೆ ಚೆಕ್‌ಸಮ್ ಬೇಕು, ಅಂದರೆ ಅಕ್ಷರಗಳಿಂದಲೇ ಲೆಕ್ಕ ಹಾಕಿದ ಬೆರಳಚ್ಚು. ಸೆಗುಯಿಡ್ ಅನ್ನೋದು ಸೀಕ್ವೆನ್ಸಿನಿಂದಲೇ ಶಾ-1 ಅನ್ನೋ ಸೂತ್ರದಲ್ಲಿ ಲೆಕ್ಕ ಹಾಕಿ ಗುರುತು ಕೊಡುತ್ತೆ. ಪ್ಲಾಸ್ಮಿಡ್ (ದುಂಡಾಣುವಿನೊಳಗಿನ ಪುಟ್ಟ ಡಿಎನ್‌ಎ) ವಿಷಯದಲ್ಲಿ ಮಾತ್ರ ಹುಷಾರು: ಅದು ಸಾಮಾನ್ಯವಾಗಿ ಬಳೆಯಂಥದ್ದು, ಜೋಡಣೆ ಸಾಫ್ಟ್‌ವೇರ್ ಎಲ್ಲಿ ಬೇಕಾದರೂ ಕತ್ತರಿಸುತ್ತೆ, ಎರಡು ಎಳೆಗಳಲ್ಲಿ ಯಾವುದನ್ನಾದರೂ ಬರೆಯುತ್ತೆ. ಒಂದೇ ಪ್ಲಾಸ್ಮಿಡ್ಡಿಗೆ ಬೇರೆ ಬೇರೆ ಚೆಕ್‌ಸಮ್ ಬರಬಹುದು. ಹಾಗಾಗಿ ಎರಡೂ ಎಳೆಗಳ ಎಲ್ಲ ತಿರುವುಗಳಲ್ಲಿ (ಬೇರೆ ಬೇರೆ ಜಾಗದಿಂದ ಶುರು ಮಾಡಿ ಓದಿದ ರೂಪಗಳಲ್ಲಿ) ಅಕ್ಷರಕ್ರಮದಲ್ಲಿ ಮೊದಲು ಬರೋದನ್ನು ಆರಿಸಿ ಆಮೇಲೆ ಲೆಕ್ಕ ಹಾಕಬೇಕು. ಒಂದೇ ಒಂದು ಬೇಸ್ (ಡಿಎನ್‌ಎ ಅಕ್ಷರ) ಬದಲಾದರೂ ಚೆಕ್‌ಸಮ್ ಪೂರ್ತಿ ಬೇರೆ, ಹೋಲಿಕೆ ಎಷ್ಟು ಅಂತ ಅದನ್ನ ಕೇಳಬೇಡಿ, ಅದಕ್ಕೆ ಸೀಕ್ವೆನ್ಸ್ ಹೋಲಿಸುವ ಬ್ಲಾಸ್ಟ್ ಇದೆ.